ಕೆಡುತ್ತಿರುವ ಹಾರ್ಡ್ ಡಿಸ್ಕು: ಮನೆಯವರು ಮಾಡತಕ್ಕದ್ದೇನು?

ಮನೆಯಲ್ಲಿರುವ ಬೆಲೆಯುಳ್ಳ ವಸ್ತುಗಳು ಯಾವುವೆಂದು ಕೇಳಿದರೆ, ನಮ್ಮ ಅಜ್ಜಿಯರ ಕಾಲದವರು ಬಂಗಾರವನ್ನೂ ಬೆಳ್ಳಿಯನ್ನೂ ಹೊಲಮನೆಗಳ ಪತ್ರಗಳನ್ನೂ ಹೇಳುತ್ತಿದ್ದರು. ಅವನ್ನಿಡುವುದಕ್ಕೆ ಪೆಟ್ಟಿಗೆಯೂ, ಪೆಟ್ಟಿಗೆಗೆ ಬೀಗವೂ, ಬೀಗದ ಕೈಗೆ ಯಾರಿಗೂ ತಿಳಿಯದ ಒಂದು ಮೂಲೆಯೂ ಇರುತ್ತಿದ್ದವು. ಈಗಿನ ಮನೆಗಳಲ್ಲಿ ಇನ್ನೊಂದು ಪೆಟ್ಟಿಗೆಯುಂಟು. ಮದುವೆಯ ಪಟಗಳು, ಮಕ್ಕಳ ಅಂಕಪಟ್ಟಿಗಳು, ತೀರಿಹೋದ ಹಿರಿಯರ ಧ್ವನಿ, ಮನೆಯ ಲೆಕ್ಕ, ಈ ಶಾಲೆಯ ಅಂಗಳದಲ್ಲಿ ನಾವು ಸಾಲಾಗಿ ನಿಂತು ತೆಗೆಯಿಸಿಕೊಂಡ ತರಗತಿಯ ಪಟ, ಇವೆಲ್ಲವೂ ಅದರೊಳಗೆ ಇವೆ. ಅದೇ ಮನೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕು. ಈ ಪೆಟ್ಟಿಗೆಯು ಒಂದಲ್ಲ ಒಂದು ದಿನ ಕೆಡತಕ್ಕದ್ದೆಂಬುದನ್ನು ನಮ್ಮಲ್ಲಿ ಅನೇಕರು ನೆನೆಯುವುದಿಲ್ಲ. ಕೆಡುವಾಗ ಮೊದಲು ಏನು ಮಾಡಬೇಕೆಂಬುದನ್ನು ಅರಿತವರು ಇನ್ನೂ ಕಡಿಮೆ. ನಾವೂ ಅರಿತಿರಲಿಲ್ಲ. ಅದರಿಂದ ನಮಗಾದ ನಷ್ಟವು ನಮ್ಮ ಸಹೋದರಿಯರಿಗೆ ಆಗದಿರಲೆಂದು ಈ ಕೆಲವು ಮಾತುಗಳನ್ನು ಬರೆಯುತ್ತೇವೆ.

ಕೆಲವು ವರ್ಷಗಳ ಹಿಂದೆ, ಮಳೆಗಾಲದಲ್ಲಿ, ನಮ್ಮ ಮನೆಯ ಕಂಪ್ಯೂಟರು ಬಹಳ ನಿಧಾನವಾಗಿ ನಡೆಯತೊಡಗಿತು. ಒಂದು ಪಟವನ್ನು ತೆರೆಯಲು ಹೋದರೆ ಪರದೆಯು ಸ್ತಬ್ಧವಾಗಿ ನಿಲ್ಲುವುದು. ಸ್ವಲ್ಪ ಹೊತ್ತಿನ ಮೇಲೆ ಏನೂ ಆಗದಿದ್ದಂತೆ ಮುಂದುವರಿಯುವುದು. ಯಂತ್ರಕ್ಕೆ ವಯಸ್ಸಾಯಿತೆಂದು ಎಣಿಸಿ ನಾವು ಸುಮ್ಮನಿದ್ದೆವು. ಒಂದು ವಾರದ ಮೇಲೆ, ತಪ್ಪನ್ನು ತಾನೇ ಹುಡುಕಿ ಸರಿಪಡಿಸುವುದೆಂದು ಕೇಳಿದ್ದ ಒಂದು ಪ್ರೋಗ್ರಾಮನ್ನು ರಾತ್ರಿಯೆಲ್ಲ ಓಡಿಸಿ ಮಲಗಿದೆವು. ಬೆಳಿಗ್ಗೆ ಎದ್ದು ನೋಡುವಾಗ ಕಂಪ್ಯೂಟರು ಡಿಸ್ಕನ್ನು ಗುರುತಿಸಲೇ ಇಲ್ಲ. ಅದರಲ್ಲಿ ನಮ್ಮ ತಾಯಿಯವರ ಧ್ವನಿಯಿತ್ತು. ಅವರು ಹೋಗುವುದಕ್ಕೆ ಮುಂಚಿನ ವರ್ಷ, ಅಡಿಗೆಮನೆಯಲ್ಲಿ ಕುಳಿತು ಹಾಡಿದ ಜೋಗುಳಗಳನ್ನೂ, ಉಪ್ಪಿನಕಾಯಿಯ ಅಳತೆಗಳನ್ನೂ ನಾವು ಫೋನಿನಲ್ಲಿ ಹಿಡಿದು, ಕಂಪ್ಯೂಟರಿಗೆ ತುಂಬಿ, ಫೋನಿನಲ್ಲಿ ಸ್ಥಳವಿಲ್ಲವೆಂದು ಅಲ್ಲಿಂದ ಅಳಿಸಿಬಿಟ್ಟಿದ್ದೆವು.

ನಾವು ಮಾಡಿದ ತಪ್ಪು ಯಾವುದೆಂದು ತಿಳಿಯಬೇಕಾದರೆ, ಡಿಸ್ಕು ಎಂಥ ವಸ್ತುವೆಂಬುದನ್ನು ಮೊದಲು ಅರಿಯಬೇಕು. ಐ.ಬಿ.ಎಮ್. ಕಂಪೆನಿಯವರು 1956ರಲ್ಲಿ ಮೊಟ್ಟಮೊದಲು ಹೊರತಂದ ಡಿಸ್ಕು ದೊಡ್ಡ ಬೀರುವಿನಂತಿತ್ತು. ಅದರಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದು, ಅವೆಲ್ಲವೂ ಸೇರಿ ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ ಹಿಡಿಯುತ್ತಿದ್ದವು. ಈಗಿನದು ಅಂಗೈಯಲ್ಲಿ ಹಿಡಿಯುವಷ್ಟಿದ್ದರೂ ಅದರ ಕ್ರಮವು ಅದೇ. ಅಲ್ಯೂಮಿನಿಯಮಿನ ಅಥವಾ ಗಾಜಿನ ನುಣುಪಾದ ತಟ್ಟೆಗಳ ಮೇಲೆ ಕಾಂತಗುಣವುಳ್ಳ ಅತಿ ತೆಳುವಾದ ಲೇಪವಿರುತ್ತದೆ. ತಟ್ಟೆಯು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುವಾಗ, ಒಂದು ಸಣ್ಣ ತೋಳಿನ ತುದಿಯಲ್ಲಿರುವ ಹೆಡ್ ಎಂಬ ಮೊನೆಯು ಅದರ ಮೇಲೆ ಸಂಚರಿಸುತ್ತ ಬರೆಯುವುದು, ಓದುವುದು. ಗ್ರಾಮಫೋನಿನ ಮುಳ್ಳು ತಟ್ಟೆಯನ್ನು ಮುಟ್ಟಿದರೇ ಹಾಡು ಬರುವುದು. ಇಲ್ಲಿಯಾದರೋ ಮೊನೆಯು ತಟ್ಟೆಯನ್ನು ಮುಟ್ಟಲೇ ಕೂಡದು. ಅವೆರಡರ ನಡುವಿನ ಅಂತರವು ಕೂದಲಿನ ದಪ್ಪದಲ್ಲಿ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಧೂಳಿನ ಒಂದು ಕಣವಾದರೂ ಆ ಅಂತರಕ್ಕೆ ಬಂಡೆಯಂತೆ ದೊಡ್ಡದು. ತಟ್ಟೆಯು ತಿರುಗುತ್ತಿರುವಾಗ ಪೆಟ್ಟು ತಗಲಿದರೆ ಮೊನೆಯು ಲೇಪವನ್ನು ಕೆರೆದುಹಾಕುವುದು. ಕೆರೆದ ಪುಡಿಯು ಒಳಗೇ ಹಾರಾಡಿ ಇನ್ನಷ್ಟು ಸ್ಥಳವನ್ನು ಕೆಡಿಸುವುದು.

ತಟ್ಟೆಯ ಮೇಲಿನ ಬರಹವು ಸೆಕ್ಟರುಗಳೆಂಬ ಸಣ್ಣ ಸಣ್ಣ ಮನೆಗಳಾಗಿ ವಿಭಾಗಿಸಲ್ಪಟ್ಟಿದೆ. ಇವುಗಳಲ್ಲಿ ಕೆಲವು ಕೆಟ್ಟರೆ, ಅವುಗಳ ಬದಲಿಗೆ ಉಪಯೋಗಿಸಲೆಂದು ತಯಾರಕರು ಕೆಲವು ಮನೆಗಳನ್ನು ಮೊದಲೇ ಮೀಸಲಿಟ್ಟಿರುತ್ತಾರೆ. ಡಿಸ್ಕು ತನ್ನಷ್ಟಕ್ಕೆ ಈ ಬದಲಾವಣೆಯನ್ನು ಮಾಡಿ, ಅದರ ಲೆಕ್ಕವನ್ನೂ ಬರೆದಿಟ್ಟುಕೊಳ್ಳುತ್ತದೆ. ಈ ಲೆಕ್ಕಕ್ಕೆ ಸ್ಮಾರ್ಟ್ ಎಂದು ಹೆಸರು. ವಿಂಡೋಸ್ ಇರುವವರು ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಧರ್ಮಾರ್ಥವಾದ ಪ್ರೋಗ್ರಾಮಿನಿಂದಲೂ, ಲಿನಕ್ಸ್ ಇರುವವರು ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬುದರಿಂದಲೂ ಇದನ್ನು ಓದಬಹುದು. ಅದರಲ್ಲಿ 5ನೆಯ ಸಾಲು ಬದಲಾಯಿಸಲ್ಪಟ್ಟ ಮನೆಗಳ ಸಂಖ್ಯೆಯನ್ನೂ, 197ನೆಯದು ಓದಲಾಗದೆ ಸಂಶಯದಲ್ಲಿರುವ ಮನೆಗಳ ಸಂಖ್ಯೆಯನ್ನೂ, 198ನೆಯದು ಪರೀಕ್ಷಿಸಿದಾಗಲೂ ಓದಲಾಗದೆ ಹೋದವುಗಳ ಸಂಖ್ಯೆಯನ್ನೂ ತೋರಿಸುತ್ತದೆ. ಈ ಸಂಖ್ಯೆಗಳು ಸೊನ್ನೆಯಾಗಿರುವುದು ಆರೋಗ್ಯದ ಚಿಹ್ನೆ. ದಿನದಿಂದ ದಿನಕ್ಕೆ ಏರುವುದು ರೋಗದ ಚಿಹ್ನೆ.

ಗೂಗಲ್ ಸಂಸ್ಥೆಯ ಸಂಶೋಧಕರು ಲಕ್ಷಕ್ಕೂ ಮಿಕ್ಕ ಡಿಸ್ಕುಗಳನ್ನು ಪರೀಕ್ಷಿಸಿ 2007ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ತಟ್ಟೆಯ ಪರೀಕ್ಷೆಯಲ್ಲಿ ಮೊದಲ ತಪ್ಪು ಕಂಡುಬಂದ ಡಿಸ್ಕು ಮುಂದಿನ 60 ದಿವಸಗಳೊಳಗೆ ಕೆಡುವ ಸಂಭವವು, ತಪ್ಪಿಲ್ಲದ ಡಿಸ್ಕಿಗಿಂತ 39 ಪಾಲು ಹೆಚ್ಚೆಂದು ಅವರು ಕಂಡರು. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತೂ ಉಂಟು. ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಚಿಹ್ನೆಗಳಲ್ಲಿ ಒಂದನ್ನಾದರೂ ತೋರಿಸದೆಯೇ ಕೆಟ್ಟವು. ಆದುದರಿಂದ ಚಿಹ್ನೆ ಕಂಡರೆ ತಡಮಾಡಕೂಡದು. ಕಾಣಲಿಲ್ಲವೆಂದು ನಿಶ್ಚಿಂತರಾಗಿಯೂ ಇರಕೂಡದು.

ಲೆಕ್ಕವನ್ನು ಓದಲಾರದವರೂ ತಿಳಿಯಬಹುದಾದ ಲಕ್ಷಣಗಳುಂಟು. ಮೊದಲು ಬೇಗನೆ ತೆರೆಯುತ್ತಿದ್ದ ಕಡತವು ತೆರೆಯದಿರುವುದು, ಒಂದು ಪಟದ ಕೆಳಗಿನ ಅರ್ಧವು ಬೂದುಬಣ್ಣವಾಗಿ ಕಾಣುವುದು, ಕಂಪ್ಯೂಟರು ಪದೇಪದೇ ಸ್ತಬ್ಧವಾಗುವುದು, ಡಿಸ್ಕು ಒಮ್ಮೆ ಕಂಡು ಒಮ್ಮೆ ಮಾಯವಾಗುವುದು, ಇವು ಸಾಮಾನ್ಯವಾದವು. ಇವು ಕೆಲವೊಮ್ಮೆ ಸಡಿಲವಾದ ಕೇಬಲಿನಿಂದಲೂ ಆಗುವುದುಂಟು. ಆದಕಾರಣ ಯಂತ್ರವನ್ನು ಆರಿಸಿ, ಕೇಬಲನ್ನು ತೆಗೆದು ಸರಿಯಾಗಿ ಸೇರಿಸಿ ನೋಡುವುದು ಒಳ್ಳೆಯದು. ಟಕ್ ಟಕ್ ಎಂಬ ಶಬ್ದವು ಮತ್ತೆ ಮತ್ತೆ ಬರುವುದು, ಅಥವಾ ಕೆರೆಯುವ ಶಬ್ದ ಕೇಳುವುದು, ಎಲ್ಲಕ್ಕಿಂತ ಕೆಟ್ಟ ಲಕ್ಷಣವು.

ಈಗ ಈ ಲೇಖನದ ಮುಖ್ಯವಾದ ಮಾತನ್ನು ಹೇಳುತ್ತೇವೆ. ಡಿಸ್ಕು ಕೆಡುತ್ತಿದೆಯೆಂದು ತಿಳಿದೊಡನೆ ಅದನ್ನು ರಿಪೇರಿ ಮಾಡಲು ಹೋಗಬಾರದು. ಅದರಲ್ಲಿರುವುದನ್ನು ಹೊರಗೆ ತೆಗೆಯಬೇಕು. ಡಿಸ್ಕು ಅಂಗಡಿಯಲ್ಲಿ ದೊರೆಯುವ ವಸ್ತು. ಒಳಗಿರುವುದು ಯಾವ ಅಂಗಡಿಯಲ್ಲಿಯೂ ದೊರೆಯುವುದಲ್ಲ. ಕೆಡುತ್ತಿರುವ ಡಿಸ್ಕು ಇನ್ನೆಷ್ಟು ಸಲ ಓದೀತೆಂಬುದು ಎಣಿಕೆಗೆ ಸಿಕ್ಕದು. ಆ ಉಳಿದ ಶಕ್ತಿಯನ್ನೆಲ್ಲ ಪ್ರತಿ ತೆಗೆಯುವುದಕ್ಕೇ ವೆಚ್ಚಮಾಡತಕ್ಕದ್ದು. ತಪ್ಪು ಹುಡುಕುವ ಪ್ರೋಗ್ರಾಮು ಡಿಸ್ಕಿನ ಮೂಲೆಮೂಲೆಯನ್ನೂ ಗಂಟೆಗಟ್ಟಲೆ ಓದಿಸುವುದು. ಕಡತಗಳನ್ನು ಒತ್ತಟ್ಟಿಗೆ ಜೋಡಿಸುವ ಪ್ರೋಗ್ರಾಮು ಇದ್ದುದನ್ನೆಲ್ಲ ಎತ್ತಿ ಬೇರೆ ಕಡೆ ಬರೆಯುವುದು. ದಣಿದು ಬಿದ್ದ ರೋಗಿಯನ್ನು ಎಬ್ಬಿಸಿ ಬೆಟ್ಟ ಹತ್ತಿಸಿದಂತೆ ನಾವು ಆ ರಾತ್ರಿ ಮಾಡಿದ್ದು ಇದನ್ನೇ.

ಹಾಗಾದರೆ ಕ್ರಮವು ಹೇಗೆ? ಮೊದಲನೆಯದಾಗಿ, ಬೇರೊಂದು ಡಿಸ್ಕನ್ನು ಸಿದ್ಧಮಾಡಿಕೊಳ್ಳಬೇಕು. ಕಂಪ್ಯೂಟರಿನಲ್ಲಿ ಸಿ ಎಂದೂ ಡಿ ಎಂದೂ ಎರಡು ಹೆಸರುಗಳು ಕಾಣುವುದರಿಂದ, ಸಿಯಲ್ಲಿರುವುದನ್ನು ಡಿಗೆ ಹಾಕಿದರೆ ಸಾಕೆಂದು ಅನೇಕರು ನಂಬಿದ್ದಾರೆ. ಬಹುತೇಕ ಮನೆಗಳಲ್ಲಿ ಇವೆರಡೂ ಒಂದೇ ಡಿಸ್ಕಿನ ಎರಡು ಕೋಣೆಗಳು. ಮನೆಯೇ ಬಿದ್ದರೆ ಕೋಣೆ ಉಳಿಯುವುದೇ? ಎರಡನೆಯದಾಗಿ, ಬೇರೆಲ್ಲಿಯೂ ಇಲ್ಲದ ವಸ್ತುಗಳನ್ನು ಮುಂಚಿತವಾಗಿ ತೆಗೆಯಬೇಕು: ಧ್ವನಿ, ಪಟ, ಪತ್ರ, ಲೆಕ್ಕ. ಸಿನೆಮಾಗಳನ್ನೂ ಪ್ರೋಗ್ರಾಮುಗಳನ್ನೂ ಬಿಟ್ಟುಬಿಡಬಹುದು. ಮೂರನೆಯದಾಗಿ, ಒಂದು ಕಡತವು ಬಾರದೆ ನಿಂತರೆ ಅದರೊಡನೆ ಹಟಮಾಡದೆ ಮುಂದಿನದಕ್ಕೆ ಹೋಗಬೇಕು. ಕೆಟ್ಟುದನ್ನು ಕೊನೆಗೆ ನೋಡಿಕೊಳ್ಳಬಹುದು.

ಕೆಟ್ಟ ಮನೆಗಳು ಬಹಳವಾಗಿದ್ದರೆ, ತಿಳಿದವರ ಸಹಾಯದಿಂದ ಡಿಡಿ-ರೆಸ್ಕ್ಯೂ ಎಂಬ ಪ್ರೋಗ್ರಾಮನ್ನು ಉಪಯೋಗಿಸಬಹುದು. ಇದು ಧರ್ಮಾರ್ಥವಾಗಿ ದೊರೆಯುವುದು. ಲಿನಕ್ಸ್ ತುಂಬಿದ ಪೆನ್‌ಡ್ರೈವಿನಿಂದ ಕಂಪ್ಯೂಟರನ್ನು ಎಬ್ಬಿಸಿದರೆ, ಕೆಡುತ್ತಿರುವ ಡಿಸ್ಕಿಗೆ ಬೇರೆ ಕೆಲಸವಿರುವುದಿಲ್ಲ. ಡಿಡಿ-ರೆಸ್ಕ್ಯೂ ಮೊದಲು ಸುಲಭವಾಗಿ ಓದಬಹುದಾದ ಭಾಗಗಳನ್ನೆಲ್ಲ ಹೊಸ ಡಿಸ್ಕಿಗೆ ಇಳಿಸಿ, ಅನಂತರ ಕಷ್ಟವಾದ ಸ್ಥಳಗಳಿಗೆ ಹಿಂದಿರುಗುವುದು; ಎಲ್ಲಿಯವರೆಗೆ ಬಂತೆಂಬುದನ್ನು ಒಂದು ಕಡತದಲ್ಲಿ ಬರೆದಿಡುವುದರಿಂದ, ನಡುವೆ ಕರೆಂಟು ಹೋದರೂ ಮತ್ತೆ ಮೊದಲಿನಿಂದ ಪ್ರಾರಂಭಿಸಬೇಕಾಗಿಲ್ಲ. ಇಲ್ಲಿ ಒಂದು ಎಚ್ಚರಿಕೆ: ಯಾವುದು ಹಳೆಯದು, ಯಾವುದು ಹೊಸದು ಎಂಬುದನ್ನು ಚೀಟಿ ಅಂಟಿಸಿ ಗುರುತಿಸಬೇಕು. ಅದಲುಬದಲಾದರೆ ಬರಿದಾದ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಬರೆಯಲ್ಪಟ್ಟು ಇದ್ದುದೂ ಹೋಗುವುದು.

ಟಕ್ ಟಕ್ ಶಬ್ದವು ಕೇಳಿದರೆ ಈ ಯಾವ ಕೆಲಸವನ್ನೂ ಮಾಡದೆ ಯಂತ್ರವನ್ನು ಆರಿಸಿಬಿಡಬೇಕು. ಮೊನೆಯು ಕೆಟ್ಟಿದ್ದರೆ, ಪ್ರತಿಯೊಂದು ಸುತ್ತೂ ತಟ್ಟೆಗೆ ಗಾಯವೇ. ಡಿಸ್ಕನ್ನು ಮನೆಯಲ್ಲಿ ಬಿಚ್ಚಬಾರದು. ಫ್ರಿಜ್ಜಿನಲ್ಲಿಟ್ಟರೆ ಗುಣವಾಗುವುದೆಂಬ ಮಾತನ್ನು ನಂಬಬಾರದು. ಹೊರತೆಗೆದಾಗ ತಂಪಾದ ತಟ್ಟೆಯ ಮೇಲೆ ಹನಿಗೂಡುವುದು. ಧೂಳಿಲ್ಲದ ಕೋಣೆಯಲ್ಲಿ ಡಿಸ್ಕನ್ನು ತೆರೆದು ಓದುವ ನಿಪುಣರಿದ್ದಾರೆ. ಅವರ ಕೂಲಿಯು ಹೊಸ ಡಿಸ್ಕಿನ ಬೆಲೆಗಿಂತ ಬಹುಪಾಲು ಹೆಚ್ಚು. ಒಳಗಿರುವುದು ಅಷ್ಟು ಬೆಲೆಯುಳ್ಳದ್ದೋ ಎಂಬುದನ್ನು ಮನೆಯವರು ಕೂಡಿ ಯೋಚಿಸತಕ್ಕದ್ದು. ವಾರಂಟಿಯಿದ್ದರೆ ಹೊಸ ಡಿಸ್ಕು ಸಿಕ್ಕೀತು, ಆದರೆ ಅದು ಬರಿದಾದದ್ದು. ಹಳೆಯದನ್ನು ಎಸೆಯುವಾಗಲೂ ಜಾಗ್ರತೆಯಿರಬೇಕು. ಓದುವ ಶಕ್ತಿಯುಳ್ಳದ್ದಾದರೆ ಪೂರ್ತಿಯಾಗಿ ಅಳಿಸಿಯೂ, ಇಲ್ಲವಾದರೆ ತಟ್ಟೆಗಳನ್ನು ಕೆಡಿಸಿಯೂ ಕೊಡಬೇಕು. ಬ್ಯಾಂಕಿನ ಕಾಗದಗಳೂ ಮಕ್ಕಳ ಪಟಗಳೂ ಪರರ ಕೈಗೆ ಹೋಗತಕ್ಕವಲ್ಲ.

ಈಗ ಬರುವ ಎಸ್.ಎಸ್.ಡಿ. ಎಂಬ ಡಿಸ್ಕುಗಳಲ್ಲಿ ತಿರುಗುವ ತಟ್ಟೆಯಿಲ್ಲ. ಅವು ವೇಗವಾದವು, ಪೆಟ್ಟಿಗೆ ಅಷ್ಟಾಗಿ ಹೆದರತಕ್ಕವಲ್ಲ. ಆದಾಗ್ಯೂ ಅವೂ ಕೆಡುತ್ತವೆ; ಶಬ್ದ ಮಾಡಿ ಎಚ್ಚರಿಸುವುದೂ ಇಲ್ಲ. ಆದುದರಿಂದ ಯಾವ ಡಿಸ್ಕಾದರೂ ಇನ್ನೊಂದು ಪ್ರತಿಯ ಅವಶ್ಯಕತೆಯನ್ನು ತಪ್ಪಿಸಲಾರದು.

ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು ಪ್ರಚುರಪಡಿಸಿದ 3-2-1 ಎಂಬ ನಿಯಮವು ನೆನಪಿಡಲು ಸುಲಭ: ಪ್ರತಿಗಳು 3, ಅವು 2 ವಿಧವಾದ ಸಾಧನಗಳಲ್ಲಿ, ಅವುಗಳಲ್ಲಿ 1 ಮನೆಯ ಹೊರಗೆ. ಮನೆಯ ಕಂಪ್ಯೂಟರಿನಲ್ಲಿರುವುದು ಒಂದು. ತಿಂಗಳಿಗೊಮ್ಮೆ ತುಂಬಿ, ಬಿಚ್ಚಿ, ಬೀರುವಿನಲ್ಲಿಡುವ ಡಿಸ್ಕು ಇನ್ನೊಂದು. ಬಂಧುಗಳ ಮನೆಯಲ್ಲಿಯೋ ಅಂತರ್ಜಾಲದ ಸಂಗ್ರಹದಲ್ಲಿಯೋ ಇರುವುದು ಮೂರನೆಯದು. ಅಂತರ್ಜಾಲದ ಕೆಲವು ಸಂಗ್ರಹಗಳು ಇಲ್ಲಿ ಅಳಿಸಿದ್ದನ್ನು ಅಲ್ಲಿಯೂ ಅಳಿಸುವುದರಿಂದ, ಅದೊಂದನ್ನೇ ನಂಬಿರಬಾರದು. ವರ್ಷಕ್ಕೆ ಒಂದೆರಡು ಸಲವಾದರೂ ಪ್ರತಿಯನ್ನು ತೆರೆದು ನೋಡಬೇಕು. ತೆರೆಯದ ಪ್ರತಿಯು ಎಣಿಸದ ಹಣದಂತೆ. ಕರೆಂಟು ಪದೇಪದೇ ಹೋಗುವ ಊರುಗಳಲ್ಲಿ ಯು.ಪಿ.ಎಸ್. ಒಂದನ್ನಿಡುವುದೂ ಉಚಿತವೇ.

ನಮ್ಮ ತಾಯಿಯವರ ಧ್ವನಿ ಏನಾಯಿತೆಂದು ವಾಚಕಿಯರು ಕೇಳಬಹುದು. ಆ ಡಿಸ್ಕಿನಿಂದ ಒಂದು ಹಾಡೂ ಬರಲಿಲ್ಲ. ಆದರೆ ನಮ್ಮ ತಂಗಿಗೆ ಮಗು ಹುಟ್ಟಿದಾಗ, ಅವಳ ಬೇಡಿಕೆಯ ಮೇರೆಗೆ ಒಂದು ಜೋಗುಳವನ್ನು ಅವಳ ಫೋನಿಗೆ ಕಳುಹಿಸಿದ್ದೆವು. ಅದು ಅವಳಲ್ಲಿ ಉಳಿದಿತ್ತು. ನಡುವೆ ಒಂದು ಕಡೆ ತಾಯಿಯವರು ಹಾಡನ್ನು ನಿಲ್ಲಿಸಿ, ಒಲೆಯ ಮೇಲಿನ ಹಾಲನ್ನು ನೋಡಿರೆಂದು ನಮಗೆ ಹೇಳುವುದೂ ಅದರಲ್ಲಿ ಕೇಳಿಸುತ್ತದೆ. ನಾವು ಒಂದೇ ಕಡೆ ಭದ್ರವಾಗಿಟ್ಟಿದ್ದೇವೆಂದು ಎಣಿಸಿದುದೆಲ್ಲ ಹೋಯಿತು. ಹಂಚಿಕೊಂಡದ್ದು ಒಂದು ಉಳಿಯಿತು. ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ, ಸಹೋದರಿಯರು ತಮ್ಮ ಮನೆಯ ಕಂಪ್ಯೂಟರಿನಲ್ಲಿ ಬೇರೆಲ್ಲಿಯೂ ಇಲ್ಲದ್ದು ಏನಿದೆಯೆಂದು ಒಮ್ಮೆ ನೋಡಿ, ಅದರ ಇನ್ನೊಂದು ಪ್ರತಿಯನ್ನು ಈ ದಿನವೇ ಮಾಡಿಡಬೇಕೆಂದು ಕೇಳಿಕೊಳ್ಳುತ್ತೇವೆ.