ಯಂತ್ರ ನೋಡಲಿ, ವೈದ್ಯರು ತೀರ್ಮಾನಿಸಲಿ

ಸ್ತನ ಕ್ಯಾನ್ಸರ್ ತಪಾಸಣೆಗೆ ಬರುವ ಪ್ರತಿ ಮಹಿಳೆಯ ಮ್ಯಾಮೋಗ್ರಾಂ ಚಿತ್ರವನ್ನು ಇಬ್ಬರು ರೇಡಿಯಾಲಜಿಸ್ಟ್‌ಗಳು ನೋಡುವುದು ಸ್ವೀಡನ್ನಿನಲ್ಲಿ ರೂಢಿ. ಒಬ್ಬರ ಕಣ್ತಪ್ಪಿದ್ದು ಇನ್ನೊಬ್ಬರಿಗೆ ಸಿಗಲಿ ಎಂಬುದು ಇದರ ಉದ್ದೇಶ. ಆದರೆ ಅಷ್ಟು ಚಿತ್ರಗಳನ್ನು ನೋಡಲು ರೇಡಿಯಾಲಜಿಸ್ಟ್‌ಗಳು ಸಾಲುತ್ತಿಲ್ಲ. ಈ ಕೊರತೆಯನ್ನು ಕೃತಕ ಬುದ್ಧಿಮತ್ತೆಯಿಂದ ತುಂಬಬಹುದೇ ಎಂದು ಪರೀಕ್ಷಿಸಲು ಲುಂಡ್ ವಿಶ್ವವಿದ್ಯಾಲಯದ ಕ್ರಿಸ್ಟಿನಾ ಲಾಂಗ್ ಅವರ ಮುಂದಾಳತ್ವದಲ್ಲಿ 2021ರಲ್ಲಿ 'ಮಸಾಯ್' ಪ್ರಯೋಗ ಆರಂಭವಾಯಿತು.

ಇಲ್ಲಿ ಮುಖ್ಯವಾದದ್ದು ತಂತ್ರಾಂಶಕ್ಕಿಂತ ಕೆಲಸ ಹಂಚಿದ ರೀತಿ. ತಂತ್ರಾಂಶ ಪ್ರತಿ ಚಿತ್ರಕ್ಕೂ 1ರಿಂದ 10ರವರೆಗೆ ಅಪಾಯದ ಅಂಕ ಕೊಡುತ್ತಿತ್ತು. 10 ಬಂದರೆ ಇಬ್ಬರು ವೈದ್ಯರು, ಅದಕ್ಕಿಂತ ಕಡಿಮೆ ಬಂದರೆ ಒಬ್ಬರು ನೋಡಬೇಕು. ಅಂಕ ಎಷ್ಟೇ ಕಡಿಮೆ ಇದ್ದರೂ ವೈದ್ಯರ ಕಣ್ಣಿಗೆ ಬೀಳದೆ ಯಾವ ಚಿತ್ರವೂ ಮುಂದೆ ಹೋಗುತ್ತಿರಲಿಲ್ಲ. ಮಹಿಳೆಯನ್ನು ಮರುಪರೀಕ್ಷೆಗೆ ಕರೆಯಬೇಕೇ ಎಂಬ ತೀರ್ಮಾನವೂ ವೈದ್ಯರದ್ದೇ. ಒಂದು ಲಕ್ಷ ಮಹಿಳೆಯರನ್ನು ಒಳಗೊಳ್ಳಬೇಕಿದ್ದ ಪ್ರಯೋಗದಲ್ಲಿ, ಮೊದಲ 80,000 ಮಹಿಳೆಯರ ಫಲಿತಾಂಶ ನೋಡಿ ವಿಧಾನ ಸುರಕ್ಷಿತವೇ ಎಂದು ಪರಿಶೀಲಿಸುವುದೂ ಮೊದಲೇ ನಿಗದಿಯಾಗಿತ್ತು. ಒಳ್ಳೆಯ ನಾಯಕತ್ವ ಕಾಣುವುದು ಇಂಥ ಮುನ್ನೆಚ್ಚರಿಕೆಯಲ್ಲೇ.

2023ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ಹಳೆಯ ಪದ್ಧತಿಯಲ್ಲಿ 203 ಮಹಿಳೆಯರಲ್ಲಿ ಕ್ಯಾನ್ಸರ್ ಪತ್ತೆಯಾಗಿದ್ದರೆ, ಹೆಚ್ಚುಕಡಿಮೆ ಅಷ್ಟೇ ದೊಡ್ಡದಾದ ಇನ್ನೊಂದು ಗುಂಪಿನಲ್ಲಿ ಯಂತ್ರದ ನೆರವಿನಿಂದ 244 ಮಂದಿಯಲ್ಲಿ ಪತ್ತೆಯಾಗಿತ್ತು. ರೋಗವಿಲ್ಲದಿದ್ದರೂ ಮರುಪರೀಕ್ಷೆಗೆ ಕರೆಸಿಕೊಂಡವರ ಪ್ರಮಾಣ ಎರಡೂ ಕಡೆ ಶೇ. 1.5. ವೈದ್ಯರು ಚಿತ್ರ ನೋಡುವ ಕೆಲಸ ಮಾತ್ರ ಶೇ. 44ರಷ್ಟು ಇಳಿದಿತ್ತು.

ಯಂತ್ರ ತಂದಿಟ್ಟರೆ ಸಾಕು, ಇಂಥದೇ ಫಲ ಸಿಗುತ್ತದೆ ಎಂದು ಭಾವಿಸುವಂತಿಲ್ಲ. ಅದೇ ವರ್ಷ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ 27 ರೇಡಿಯಾಲಜಿಸ್ಟ್‌ಗಳಿಗೆ 50 ಮ್ಯಾಮೋಗ್ರಾಂಗಳನ್ನು ಯಂತ್ರದ್ದೆಂದು ಹೇಳಲಾದ ಸಲಹೆಯೊಂದಿಗೆ ತೋರಿಸಲಾಯಿತು. ಕೆಲವು ಸಲಹೆಗಳನ್ನು ಬೇಕೆಂದೇ ತಪ್ಪಾಗಿ ಕೊಡಲಾಗಿತ್ತು. ಸಲಹೆ ಸರಿಯಿದ್ದಾಗ ಅನುಭವ ಕಡಿಮೆ ಇದ್ದವರು ಸುಮಾರು ಶೇ. 80ರಷ್ಟು ಸರಿಯಾಗಿ ಹೇಳಿದರು, ತಪ್ಪಿದ್ದಾಗ ಶೇ. 20ರಷ್ಟು ಮಾತ್ರ. ಬಹಳ ಅನುಭವಿಗಳ ನಿಖರತೆಯೂ ಶೇ. 82ರಿಂದ 46ಕ್ಕೆ ಕುಸಿಯಿತು. ಯಂತ್ರದ ಮಾತು ಮೊದಲೇ ಕಿವಿಗೆ ಬಿದ್ದರೆ ನುರಿತವರ ಕಣ್ಣೂ ಅದರ ಹಿಂದೆ ಹೋಗುತ್ತದೆ.

ಆದ್ದರಿಂದ ಮುಂದಾಳುಗಳ ಕೆಲಸ ತಂತ್ರಾಂಶ ಖರೀದಿಯ ಸಹಿಯೊಂದಿಗೆ ಮುಗಿಯುವುದಿಲ್ಲ. ಯಂತ್ರದ ಅಭಿಪ್ರಾಯವನ್ನು ವೈದ್ಯರಿಗೆ ಯಾವ ಹಂತದಲ್ಲಿ ತೋರಿಸಬೇಕು, ಅದನ್ನು ಒಪ್ಪದ ಕಿರಿಯ ವೈದ್ಯರಿಗೆ ಬೆಂಬಲ ಸಿಗುವುದೇ, ತಪ್ಪಾದಾಗ ಹೊಣೆ ಯಾರದು ಎಂಬುದನ್ನು ಅವರು ಮೊದಲೇ ಇತ್ಯರ್ಥ ಮಾಡಬೇಕು. ಹೊಸಬರ ಕಲಿಕೆ ಇನ್ನೂ ಕಷ್ಟದ ಪ್ರಶ್ನೆ. ಯಂತ್ರ ಗುರುತು ಹಾಕಿದ ಚಿತ್ರಗಳನ್ನೇ ನೋಡಿ ಬೆಳೆದವರಿಗೆ ಸ್ವಂತ ಕಣ್ಣು ಪಳಗುವುದು ಕಷ್ಟ. ಯಂತ್ರದ ಸಹಾಯವಿಲ್ಲದೆ ಚಿತ್ರ ನೋಡುವ ಅಭ್ಯಾಸ ಅವರ ತರಬೇತಿಯಲ್ಲಿ ಇರಲೇಬೇಕು.

ಚಿತ್ರ ನೋಡುವ ಕೆಲಸ ಇಳಿದು ವೈದ್ಯರಿಗೆ ಉಳಿಯುವ ಸಮಯವನ್ನು ಏನು ಮಾಡಬೇಕೆಂಬುದೂ ಆಡಳಿತದ ಕೈಯಲ್ಲಿದೆ. ವರದಿಗಾಗಿ ಆತಂಕದಿಂದ ಕಾದಿರುವ ಮಹಿಳೆಗೆ ಅದು ಬೇಗ ತಲುಪಬೇಕು, ವೈದ್ಯರು ಅವಳೊಂದಿಗೆ ಕೂತು ಮಾತನಾಡಬೇಕು. ಆ ಸಮಯ ಸಲ್ಲಬೇಕಾದದ್ದು ಇದಕ್ಕೆ, ಹುದ್ದೆಗಳ ಕಡಿತಕ್ಕಲ್ಲ.