ಎರಡು ಸಾವಿರ ಎಲ್ಲಿ ದೊಡ್ಡದು?

ಯಾದಗಿರಿ ಕಡೆಯ ನಮ್ಮೂರಲ್ಲಿ ಅವ್ವನ ಖಾತೆಗೆ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ತಿಂಗಳಿಗೆ ಬರುತ್ತದೆ. ಬೆಂಗಳೂರಿನ ಲಗ್ಗೆರೆಯಲ್ಲಿ ನಮ್ಮ ಕೆಳಗಿನ ಮನೆಯಾಕೆಗೂ ಅಷ್ಟೇ. ಅವ್ವನಿಗೆ ಮನೆ ಸ್ವಂತದ್ದು, ಜೋಳ ಹೊಲದ್ದು. ಕಿರಾಣಿ, ಬಿ.ಪಿ. ಗುಳಿಗೆ ಕಳೆದು ಮೊಮ್ಮಕ್ಕಳ ಕೈಗೂ ನೋಟು ಬೀಳುತ್ತದೆ. ಕೆಳಗಿನ ಮನೆಯಾಕೆಗೆ ಅದು ಬಾಡಿಗೆಯ ಮೂಲೆಗೂ ಸಾಲದು.

ಗೃಹಲಕ್ಷ್ಮಿ ಮನೆಯ ಯಜಮಾನಿಗೆ ಮಾತ್ರ. ಆದಾಯ ತೆರಿಗೆ ಕಟ್ಟುವ ಮನೆಗಿಲ್ಲ. ಮೂಲ ಆದಾಯ ಎಂಬ ಇನ್ನೊಂದು ವಿಚಾರವಿದೆ: ಶರತ್ತಿಲ್ಲದೆ ಎಲ್ಲರಿಗೂ ಕೊಡುವ ಹಣ. ಕೇಂದ್ರದ 2016–17ರ ಆರ್ಥಿಕ ಸಮೀಕ್ಷೆ ಅದಕ್ಕೊಂದು ಅಧ್ಯಾಯವನ್ನೇ ಬರೆದಿತ್ತು. ಮೂಲ ಆದಾಯ ಬಂದರೆ, ಹಣ ಹೆಚ್ಚು ಬಾಳುವುದು ಹಳ್ಳಿಯಲ್ಲೇ ಎಂದು, ಜನ ಪೇಟೆ ಬಿಟ್ಟು ಊರಿಗೆ ಮರಳುತ್ತಾರೆಂದು ಹೇಳುವವರಿದ್ದಾರೆ. ನನಗೆ ಅಷ್ಟು ನಂಬಿಕೆಯಿಲ್ಲ. ನಾನಂತೂ ಹೋಗಲಾರೆ, ಮಗಳ ಕಾಲೇಜು ಇಲ್ಲಿದೆ.

ಕೈಯಲ್ಲಿ ಕಾಸಿದ್ದರೆ ಊರು ಬಿಡುವುದೂ ಸುಲಭ. ಬಾಂಗ್ಲಾದೇಶದ ರಂಗ್‌ಪುರದಲ್ಲಿ ಕೊಯ್ಲಿಗೆ ಮುಂಚಿನ ತಿಂಗಳುಗಳು ಹಸಿವಿನವು. 2008ರಲ್ಲಿ ಸಂಶೋಧಕರು ಅಲ್ಲಿನ ಬಡವರಿಗೆ, ದುಡಿಯಲು ಹೊರಗೆ ಹೋಗುವುದಾದರೆ ಎಂದು, ಸುಮಾರು 8.50 ಡಾಲರ್ ಬಸ್ ಚಾರ್ಜು ಕೊಟ್ಟರು. ಸುಮ್ಮನಿದ್ದರೆ ಹೋಗುತ್ತಿದ್ದವರಿಗಿಂತ ನೂರಕ್ಕೆ 22 ಕುಟುಂಬಗಳು ಹೆಚ್ಚಾಗಿ ಆಳು ಕಳಿಸಿದವು. ನಮೀಬಿಯಾದ ಒಟ್ಜಿವೇರೊದಲ್ಲಿ ನಡೆದದ್ದೇ ಬೇರೆ. 2008, 2009ರಲ್ಲಿ ಅಲ್ಲಿ ಅರವತ್ತು ದಾಟದ ಎಲ್ಲರಿಗೂ ತಿಂಗಳಿಗೆ 100 ನಮೀಬಿಯನ್ ಡಾಲರ್ ಸಿಕ್ಕಿತು. ಹೊಸಬರಿಗೆ ಆ ಹಣ ಸಿಗುತ್ತಿರಲಿಲ್ಲ, ಆದರೂ ನೆಂಟರೆಲ್ಲ ಬಂದು ನೆಲೆಸಿದರು. ಹಣ ಒಂದೇ ಊರಿಗೆ ಬಂದರೆ ಜನವೂ ಆ ಊರಿಗೇ ಬರುತ್ತಾರೆ, ಬಡತನದ ನೆಂಟಸ್ತಿಕೆ ಗೊತ್ತಿದ್ದವರಿಗೆ ಇದೇನೂ ಆಶ್ಚರ್ಯವಲ್ಲ.

ನಮ್ಮ ಕಡೆ ಗುಳೆ ಹೋಗುವವರನ್ನು ನೋಡಿ. ಮಗಳ ಮದುವೆಗೋ ಆಸ್ಪತ್ರೆಗೋ ಮೇಸ್ತ್ರಿಯಿಂದ ಮುಂಗಡ ಹಿಡಿದಿರುತ್ತಾರೆ. ಆಮೇಲೆ ಪುಣೆಯೋ ಬೆಂಗಳೂರೋ, ಕೂಲಿ ಎಷ್ಟೋ, ಎಲ್ಲ ಅವನು ಹೇಳಿದ ಹಾಗೆ. ಮಳೆ ಕೈಕೊಟ್ಟ ವರ್ಷವೂ ತಿಂಗಳ ಹಣ ತಪ್ಪದೆ ಬಂದರೆ ಆ ಮುಂಗಡ ಹಿಡಿಯಬೇಕಿಲ್ಲ. ಆಗ ಕೆಲವರು ಹೋಗುತ್ತಾರೆ, ಕೆಲವರು ಉಳಿಯುತ್ತಾರೆ. ಯಾವುದಾದರೂ ತಮ್ಮ ಲೆಕ್ಕಾಚಾರದಲ್ಲಿ.

ಬೆಂಗಳೂರು ದುಬಾರಿ, ಅಲ್ಲಿನವರಿಗೆ ಹೆಚ್ಚು ಕೊಡಿ ಎಂಬ ವಾದವೂ ಇದೆ. ಲಗ್ಗೆರೆಯ ಬಾಡಿಗೆದಾರನಾದ ನಾನು ಇದನ್ನು ಒಪ್ಪುವುದಿಲ್ಲ. ಹೆಚ್ಚಿಗೆ ಬಂದದ್ದನ್ನು ಓನರು ಬಾಡಿಗೆಗೆ ಸೇರಿಸಿಕೊಳ್ಳುತ್ತಾರೆ. ಯಾವತ್ತಾದರೂ ಮೂಲ ಆದಾಯ ತರುವುದಾದರೆ ಮೊತ್ತ ಎಲ್ಲ ಕಡೆ ಒಂದೇ ಇರಲಿ, ಊರು ಬಿಟ್ಟವರಿಗೂ ಸಿಗುವಂತೆ ಅದನ್ನು ಪಡಿತರ ಚೀಟಿಯ ವಿಳಾಸಕ್ಕೆ ಮಾತ್ರ ಕಟ್ಟಿಹಾಕಬೇಡಿ.