ಉದರಧಮನಿಗಳ ಉಬ್ಬು ಮತ್ತು ಒಳರಕ್ತಸ್ರಾವ

ಧಮನಿಯ ಭಿತ್ತಿಯು ಒಂದೆಡೆ ದುರ್ಬಲಗೊಂಡು ಹಿಗ್ಗಿದಾಗ ಆ ಉಬ್ಬನ್ನು ಅನ್ಯೂರಿಸಂ ಎನ್ನುತ್ತೇವೆ. ಉದರದ ಅಂಗಗಳಿಗೆ ರಕ್ತವೊಯ್ಯುವ ಧಮನಿಗಳಲ್ಲಿ ಇದು ವಿರಳ. ಕಂಡುಬಂದಲ್ಲಿ ಹೆಚ್ಚಾಗಿ ಗುಲ್ಮದ ಧಮನಿಯಲ್ಲಿ, ಅನಂತರ ಯಕೃತ್ತಿನ ಧಮನಿಯಲ್ಲಿ ಕಾಣುತ್ತದೆ. 1770ರಲ್ಲಿ ಬೋಸಿಯೆ ಎಂಬವನು ಗುಲ್ಮಧಮನಿಯ ಉಬ್ಬನ್ನು ಶವಚ್ಛೇದನದಲ್ಲಿ ಗುರುತಿಸಿ ವರ್ಣಿಸಿದನು.

ಒಡೆಯುವವರೆಗೆ ಇದು ಬಹುಮಟ್ಟಿಗೆ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಒಡೆದಾಗ ರಕ್ತವು ಕೆಲವೊಮ್ಮೆ ಮೊದಲು ಜಠರದ ಹಿಂದಿನ ಕಿರುಕುಹರದಲ್ಲಿ ತಂಗುತ್ತದೆ. ರಕ್ತದೊತ್ತಡವು ಸುಧಾರಿಸಿದಂತೆ ತೋರುತ್ತದೆ. ಬಳಿಕ ಎರಡನೆಯ ಸ್ರಾವವು ಉದರವನ್ನೆಲ್ಲ ತುಂಬುತ್ತದೆ. ಕೆಂಗೇರಿಯ ಗರ್ಭಿಣಿಯೊಬ್ಬಳು ಎಡಪಕ್ಕೆಯ ನೋವಿನಿಂದ ಕುಸಿದು ಚೇತರಿಸಿಕೊಂಡಳೆಂದು ಭಾವಿಸೋಣ. ಆಕೆಯನ್ನು ಮನೆಗೆ ಕಳುಹಿಸಿದರೆ ತಾಯಿ ಮಗು ಇಬ್ಬರನ್ನೂ ಕಳೆದುಕೊಳ್ಳಬಹುದು. ಆ ಅಲ್ಪ ಬಿಡುವೇ ಚಿಕಿತ್ಸೆಗೆ ದೊರೆತ ಕಾಲ.

ಅಲ್ಟ್ರಾಸೌಂಡ್ ಪರೀಕ್ಷೆಯು ಉದರದೊಳಗಿನ ರಕ್ತವನ್ನೂ, ಸಿ.ಟಿ. ಆಂಜಿಯೋಗ್ರಾಮ್ ಒಡೆದ ಸ್ಥಳವನ್ನೂ ತೋರಿಸುತ್ತವೆ. ರೋಗಿಯ ಸ್ಥಿತಿ ಸ್ಥಿರವಾಗಿದ್ದರೆ ತೊಡೆಸಂದಿನ ಧಮನಿಯ ಮೂಲಕ ಸಣ್ಣ ನಳಿಕೆಯನ್ನು ತೂರಿಸಿ, ಲೋಹದ ಸುರುಳಿಗಳಿಂದ ಉಬ್ಬನ್ನು ಮುಚ್ಚುವರು. ಜಠರದ ಕಿರುಧಮನಿಗಳಿಂದಲೂ ರಕ್ತ ದೊರೆಯುವುದರಿಂದ ಗುಲ್ಮವು ಸಾಮಾನ್ಯವಾಗಿ ಉಳಿಯುತ್ತದೆ. ಸ್ಥಿತಿ ವಿಷಮವಾಗಿದ್ದರೆ ಉದರವನ್ನು ತೆರೆದು ಧಮನಿಯನ್ನು ಕಟ್ಟಬೇಕು. ಆಗ ಹಲವು ವೇಳೆ ಗುಲ್ಮವನ್ನೂ ತೆಗೆಯಬೇಕಾಗುತ್ತದೆ. ಆಕಸ್ಮಿಕವಾಗಿ ಕಂಡ ಉಬ್ಬು 2 ಸೆಂ.ಮೀ. ಮೀರಿದ್ದರೆ, ಗರ್ಭಿಣಿಯರಲ್ಲಾದರೆ ಅದಕ್ಕಿಂತ ಚಿಕ್ಕದಿದ್ದರೂ, ಒಡೆಯುವ ಮುನ್ನವೇ ಚಿಕಿತ್ಸೆ ಮಾಡುವುದು ಯುಕ್ತ.

ನೋವು ಇಳಿದುದನ್ನೇ ರೋಗ ಇಳಿದುದೆಂದು ನಾವು ಬಗೆಯಲಾಗದು.